ಹನಿಯನ್ನು ಕಣ್ಣಿಗೆ ತೋರಿಸುವ ಪ್ರಿಂಟರ್: ಡೈಮ್ಯಾಟಿಕ್ಸ್ ಡಿಎಂಪಿ-2850 ಮತ್ತು ನೀರಿನ ಇಂಕುಗಳು

ಪ್ಲಾಸ್ಟಿಕ್ ಹಾಳೆಯ ಮೇಲೆ ಬೆಳ್ಳಿಯ ಗೆರೆ ಎಳೆದು ಅದರಲ್ಲಿ ಕರೆಂಟು ಹರಿಸಬೇಕು. ಅದೂ ಇಂಕ್‌ಜೆಟ್‌ನಲ್ಲಿ, ಅದೂ ನೀರಿನಲ್ಲಿ ಕಲಸಿದ ಇಂಕಿನಿಂದ. ಈ ಕೆಲಸ ಮಾಡುವ ಸಂಶೋಧನಾ ಲ್ಯಾಬುಗಳಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬೀಳುವ ಯಂತ್ರ ಫ್ಯೂಜಿಫಿಲ್ಮ್ ಡೈಮ್ಯಾಟಿಕ್ಸ್‌ನ ಡಿಎಂಪಿ ಸರಣಿಯದು. ಮೊದಲು 2800 ಬಂತು, ಆಮೇಲೆ 2831, ಅದರ ಬಳಿಕ 2850. ಡೈಮ್ಯಾಟಿಕ್ಸ್ ಕಂಪನಿಯನ್ನು ಫ್ಯೂಜಿಫಿಲ್ಮ್ 2006ರಲ್ಲಿ ಕೊಂಡುಕೊಂಡಿತು. ಯಂತ್ರದ ಮೂಲ ಆಲೋಚನೆ ಮಾತ್ರ ಅಂದಿನಿಂದಲೂ ಬದಲಾಗಿಲ್ಲ: ಒಂದೂವರೆ ಮಿಲಿಲೀಟರ್ ಇಂಕ್ ಹಿಡಿಯುವ ಸಣ್ಣ ಕಾರ್ಟ್ರಿಜ್, ಅದನ್ನು ನೀವೇ ತುಂಬಿಕೊಳ್ಳಬೇಕು, ಯಾವ ದ್ರವ ತುಂಬುತ್ತೀರಿ ಎಂಬುದು ನಿಮ್ಮ ಇಷ್ಟ.

ಈ ಯಂತ್ರಕ್ಕೆ ಕೊಟ್ಟ ಹಣ ವಸೂಲಾಗುವುದು ಅದರ ಒಂದೇ ಒಂದು ಭಾಗದಿಂದ ಎಂದು ನಾನು ಹೇಳುತ್ತೇನೆ. ನಾಝಲ್ ಎಂಬ ಸೂಕ್ಷ್ಮ ರಂಧ್ರದಿಂದ ಹೊರಬೀಳುವ ಹನಿಯನ್ನು ಮಿಣುಕು ಬೆಳಕಿನಲ್ಲಿ ನಿಲ್ಲಿಸಿ ತೋರಿಸುವ ಕ್ಯಾಮೆರಾ ಅದು, ಹೆಸರು ಡ್ರಾಪ್ ವಾಚರ್. ನೀರಿನ ಇಂಕಿನಲ್ಲಿ ಕೆಡುವುದೆಲ್ಲ ಕೆಡುವುದು ನೀರು ಆರುವುದರಿಂದ. ನಾಝಲ್‌ನ ಬಾಯಲ್ಲಿ ಬೇಗ ಆರಿದರೆ ಹನಿ ಹೊರಡುವುದಿಲ್ಲ, ಹಾಳೆಯ ಮೇಲೆ ನಿಧಾನವಾಗಿ ಆರಿದರೆ ಗೆರೆ ಹರಡುತ್ತದೆ. ಒಂದೇ ನೀರು ಒಂದು ಕಡೆ ಆರಬಾರದು, ಒಂದು ಮಿಲಿಮೀಟರ್ ಕೆಳಗೆ ಬೇಗ ಆರಬೇಕು. ಈ ಹದ ಎಲ್ಲಿ ತಪ್ಪಿತು ಎಂದು ಊಹಿಸುತ್ತ ಕೂರುವ ಬದಲು ಕಣ್ಣಿಂದ ನೋಡಲು ಸಿಗುವುದು ಇಲ್ಲಿ.

ಮೊದಲು ಪೆಟ್ಟಿಗೆಯಲ್ಲಿ ಏನಿದೆ ನೋಡೋಣ. ಸುಮಾರು 210 × 315 ಮಿಲಿಮೀಟರ್ ಮುದ್ರಿಸಬಹುದಾದ ಸಮತಟ್ಟು ಪ್ಲೇಟನ್ (ಹಾಳೆ ಇಡುವ ತಟ್ಟೆ), ಹಾಳೆಯನ್ನು ಹೀರಿ ಹಿಡಿಯಲು ವ್ಯಾಕ್ಯೂಮ್, 60° ಸೆಲ್ಸಿಯಸ್‌ವರೆಗೆ ಬಿಸಿ. 25 ಮಿಲಿಮೀಟರ್ ದಪ್ಪದ ವಸ್ತುವಿನ ಮೇಲೂ ಮುದ್ರಿಸಬಹುದು. ಸಾಮಾನ್ಯ ಕಾರ್ಟ್ರಿಜ್‌ನಲ್ಲಿ 254 ಮೈಕ್ರಾನ್ ಅಂತರದಲ್ಲಿ ಸಾಲಾಗಿ 16 ನಾಝಲ್. 10 ಪಿಕೊಲೀಟರ್ (ಪಿಕೊಲೀಟರ್ ಎಂದರೆ ಲೀಟರಿನ ಲಕ್ಷ ಕೋಟಿಯಲ್ಲೊಂದು ಪಾಲು) ಹನಿಯದು ಒಂದು ಬಗೆ, 1 ಪಿಕೊಲೀಟರ್ ಹನಿಯದು ಇನ್ನೊಂದು. 2850ರಲ್ಲಿ 2.4 ಪಿಕೊಲೀಟರ್‌ನ ಸಾಂಬಾ ಕಾರ್ಟ್ರಿಜ್ ಕೂಡ ಕೂರುತ್ತದೆ. ನೀರಿನ ಇಂಕಿನಲ್ಲಿ ಕೈ ಪಳಗುವವರೆಗೆ 10 ಪಿಕೊಲೀಟರ್‌ದನ್ನು ಬಿಟ್ಟು ಬೇರೆಯದಕ್ಕೆ ಹೋಗಬೇಡಿ. 1 ಪಿಕೊಲೀಟರ್‌ನ ನಾಝಲ್ ಸುಮಾರು 9 ಮೈಕ್ರಾನ್ ಬಾಯಿಯದು, ನೀರಿನ ಇಂಕ್ ಅದರಲ್ಲಿ ಕಣ್ಣುಮಿಟುಕಿಸುವಷ್ಟರಲ್ಲಿ ಕೆನೆಗಟ್ಟುತ್ತದೆ.

ಇಂಕಿನ ಲೆಕ್ಕ

ನಾಝಲ್‌ಗಳಿರುವ ಹೆಡ್‌ಗೆ ಒಗ್ಗುವ ಇಂಕ್ ಹೇಗಿರಬೇಕು ಎಂದು ತಯಾರಕರು ಹೇಳಿರುವುದು ಸ್ಪಷ್ಟವಾಗಿದೆ: ಜೆಟ್ ಆಗುವ ತಾಪದಲ್ಲಿ ಸ್ನಿಗ್ಧತೆ (ದ್ರವದ ಮಂದತನ) 10ರಿಂದ 12 ಸೆಂಟಿಪಾಯ್ಸ್, ಮೇಲ್ಮೈ ಎಳೆತ ಮೀಟರಿಗೆ 28ರಿಂದ 33 ಮಿಲಿನ್ಯೂಟನ್, ಪಿಎಚ್ 4ರಿಂದ 9. ಶುದ್ಧ ನೀರು ಇದರಿಂದ ಬಹಳ ದೂರ. ಅದರ ಸ್ನಿಗ್ಧತೆ 1, ಮೇಲ್ಮೈ ಎಳೆತ 72. ದೂರ ಎಷ್ಟು ಎಂದು ತಿಳಿಯಲು ಒಂದು ಸರಳ ಲೆಕ್ಕವಿದೆ. ಸಾಂದ್ರತೆ, ಮೇಲ್ಮೈ ಎಳೆತ, ನಾಝಲ್ ವ್ಯಾಸ ಮೂರನ್ನೂ ಗುಣಿಸಿ, ವರ್ಗಮೂಲ ತೆಗೆದು, ಸ್ನಿಗ್ಧತೆಯಿಂದ ಭಾಗಿಸಿ. ಬರುವ ಸಂಖ್ಯೆಗೆ ಝಡ್ ಎನ್ನುತ್ತಾರೆ, ಅದು 1ರಿಂದ 10ರೊಳಗೆ ಇದ್ದರೆ ಹನಿ ನೆಟ್ಟಗೆ ಬೀಳುತ್ತದೆ ಎಂಬುದು ರೂಢಿಯ ನಿಯಮ. 10 ಪಿಕೊಲೀಟರ್ ಕಾರ್ಟ್ರಿಜ್‌ನ ನಾಝಲ್ ಸುಮಾರು 21 ಮೈಕ್ರಾನ್. ಶುದ್ಧ ನೀರಿಗೆ ಝಡ್ ಹತ್ತಿರ ಹತ್ತಿರ 39 ಬರುತ್ತದೆ. ಅಂದರೆ ಮುಖ್ಯ ಹನಿಯ ಹಿಂದೆ ಮರಿಹನಿಗಳ ಸಾಲೇ ಹೊರಡುತ್ತದೆ. ಸ್ನಿಗ್ಧತೆ 10, ಎಳೆತ 32, ಸಾಂದ್ರತೆ 1.1 ಇರುವ ಇಂಕಿಗೆ ಅದೇ ಲೆಕ್ಕ 2.7 ಕೊಡುತ್ತದೆ. ಸ್ನಿಗ್ಧತೆ 5 ಆದರೂ 5.4, ಇನ್ನೂ ಒಳಗೇ ಇದ್ದೀರಿ. ಹಾಗಾಗಿ ಇಂಕ್ 10 ಸೆಂಟಿಪಾಯ್ಸ್ ಮುಟ್ಟಲಿಲ್ಲವೆಂದು ಕೈಚೆಲ್ಲಬೇಕಿಲ್ಲ. 4–5 ಇದ್ದರೂ ಹನಿ ಹಾರಿಸುವ ವೋಲ್ಟೇಜ್ ಇಳಿಸಿ ನಿಭಾಯಿಸಬಹುದು.

ನೀರನ್ನು ಈ ಹದಕ್ಕೆ ತರುವ ದಾರಿ ಎರಡು ಸಾಮಾನುಗಳದ್ದು. ಒಂದು, ನಿಧಾನ ಆರುವ ಗ್ಲೈಕಾಲ್: ಎಥಿಲೀನ್ ಗ್ಲೈಕಾಲ್ 197 ಡಿಗ್ರಿಗೆ ಕುದಿಯುತ್ತದೆ, ಪ್ರೊಪಿಲೀನ್ ಗ್ಲೈಕಾಲ್ 188ಕ್ಕೆ. ತೂಕದಲ್ಲಿ ಶೇ. 10ರಿಂದ 20 ಹಾಕಿದರೆ ಸ್ನಿಗ್ಧತೆಯೂ ಏರುತ್ತದೆ, ನಾಝಲ್ ಬಾಯಿಯೂ ಆರದೆ ಉಳಿಯುತ್ತದೆ. ಗ್ಲಿಸರಿನ್ ಇನ್ನೂ ಮಂದ, ಆದರೆ ಅದು ಕುದಿಯುವುದು 290 ಡಿಗ್ರಿಯಲ್ಲಿ. ಪ್ಲಾಸ್ಟಿಕ್ ಹಾಳೆ ತಡೆಯುವ ಬಿಸಿಯಲ್ಲಿ ಅದು ಪೂರ್ತಿ ಹೋಗುವುದಿಲ್ಲ, ಬೆಳ್ಳಿಯ ಕಣಗಳ ನಡುವೆ ಜಿಡ್ಡಾಗಿ ಕೂತು ರೋಧ ಏರಿಸುತ್ತದೆ. ಗ್ಲಿಸರಿನ್ ಹಾಕಲೇಬೇಕಿದ್ದರೆ ಶೇ. 2–3 ದಾಟದಿರಲಿ. ಎರಡನೆಯದು, ಮೇಲ್ಮೈ ಎಳೆತ ಇಳಿಸುವ ಟ್ರೈಟಾನ್ ಎಕ್ಸ್-100ರಂಥ ಸರ್ಫ್ಯಾಕ್ಟೆಂಟ್, ಅದೂ ಚಿಟಿಕೆಯಷ್ಟು. ಇಲ್ಲಿ ಕೈ ಜಾರಿದರೆ ಎಳೆತ 28ರ ಕೆಳಗೆ ಹೋಗುತ್ತದೆ, ಇಂಕ್ ನಾಝಲ್‌ನ ಮುಖದ ಮೇಲೆಲ್ಲ ತಾನಾಗಿಯೇ ಹರಡುತ್ತದೆ, ಹನಿ ಓರೆಯಾಗಿ ಬೀಳುತ್ತದೆ.

ಮಾರುಕಟ್ಟೆಯಲ್ಲಿ ಸಿದ್ಧವಾಗಿ ಸಿಗುವ ನೀರಿನ ಬೆಳ್ಳಿ ಇಂಕುಗಳಲ್ಲಿ ನೋವಾಸೆಂಟ್ರಿಕ್ಸ್‌ನ ಮೆಟಲಾನ್ ಸಾಲು ಚೆನ್ನಾಗಿ ಹೊಂದುತ್ತದೆ. ಜೆಎಸ್-ಬಿ25ಎಚ್‌ವಿ ಎಂಬುದು ತೂಕದಲ್ಲಿ ಶೇ. 25 ಬೆಳ್ಳಿ ಇರುವ, ಇಂಥ ಹೆಡ್‌ಗಳಿಗೆಂದೇ ಮಂದ ಮಾಡಿದ ಇಂಕ್. ಜೆಎಸ್-ಬಿ25ಪಿ ಅದರ ತೆಳು ತಮ್ಮ, ಎಪ್ಸನ್ ತರದ ಹೆಡ್‌ಗೆ ಮಾಡಿದ್ದು. ತರಿಸುವಾಗ ಕೊನೆಯ ಅಕ್ಷರ ಎರಡು ಸಲ ಓದಿ.

ಪೆಡಾಟ್:ಪಿಎಸ್‌ಎಸ್ ಎಂಬ ವಾಹಕ ಪಾಲಿಮರ್‌ನ ಕಥೆ ಬೇರೆ. ಅದು ಹುಟ್ಟಾ ನೀರಿನ ವಸ್ತು, ಗ್ಲೈಕಾಲ್ ಸೇರಿಸಿದರೆ ವಾಹಕತೆ ಇನ್ನೂ ಹೆಚ್ಚುತ್ತದೆ. ಶೇ. 5 ಡಿಎಂಎಸ್‌ಒ ಎಂಬ ದ್ರಾವಕ ಅಥವಾ ಎಥಿಲೀನ್ ಗ್ಲೈಕಾಲ್ ಹಾಕುವುದು ರೂಢಿ. ಆದರೆ ಅದರ ಪಿಎಚ್ 1.5ರಿಂದ 2.5, ಹುಣಸೆಹಣ್ಣಿನ ರಸಕ್ಕಿಂತ ಹುಳಿ. ಕಾರ್ಟ್ರಿಜ್‌ನ ವ್ಯಾಪ್ತಿಯಿಂದ ಹೊರಗೆ. ಮುದ್ರಣ ಆಗುವುದಿಲ್ಲವೆಂದಲ್ಲ, ಬಹಳ ಮಂದಿ ಮಾಡುತ್ತಾರೆ. ತುಂಬಿದ ಕಾರ್ಟ್ರಿಜ್ ಅನ್ನು ವಾರಗಟ್ಟಲೆ ಇಟ್ಟುಕೊಳ್ಳುವ ಆಸೆ ಬಿಡಬೇಕು, ಅಷ್ಟೇ. ಇನ್ನೊಂದು ಮಾತು: ಇದನ್ನು ಫ್ರಿಜ್‌ನಲ್ಲಿ 4 ಡಿಗ್ರಿ ಆಸುಪಾಸಿನಲ್ಲಿಡಿ, ಫ್ರೀಜರ್‌ಗೆ ಹಾಕಲೇಬೇಡಿ. ಹೆಪ್ಪುಗಟ್ಟಿ ಕರಗಿದ ಪೆಡಾಟ್ ಗಂಟುಗಂಟಾಗುತ್ತದೆ, ಮತ್ತೆ ಹದಕ್ಕೆ ಬರುವುದಿಲ್ಲ.

ಗ್ರ್ಯಾಫೀನ್‌ನಂಥ ಪದರ ಪದರ ವಸ್ತುಗಳನ್ನು ನೀರಿನಲ್ಲೇ ಇಂಕ್ ಮಾಡಿ ಇದೇ ಸರಣಿಯ ಯಂತ್ರದಲ್ಲಿ ಮುದ್ರಿಸಿ ತೋರಿಸಿದ್ದು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು, 2017ರಲ್ಲಿ. ಅವರ ಪಾಕದಲ್ಲಿ ನೀರು, ಪ್ರೊಪಿಲೀನ್ ಗ್ಲೈಕಾಲ್, ಟ್ರೈಟಾನ್ ಎಕ್ಸ್-100, ಜೊತೆಗೆ ಕ್ಸ್ಯಾಂಥಾನ್ ಗಮ್. ಬೇಕರಿಯವರು ಕೇಕಿಗೆ ಹಾಕುವ ಅದೇ ಗಮ್. ಅದು ಮೇಲಿನ ಪದರದ ಇಂಕ್ ಬಿದ್ದಾಗ ಕೆಳಗಿನ ಪದರ ಮತ್ತೆ ಕರಗಿ ಏಳದಂತೆ ಹಿಡಿದುಕೊಳ್ಳುತ್ತದೆ. ಒಂದರ ಮೇಲೊಂದು ನೀರಿನ ಪದರ ಕೂರಿಸುವವರಿಗೆ ಇದಕ್ಕಿಂತ ಉಪಯೋಗದ ಸೂಚನೆ ಇಲ್ಲ.

ಕಾರ್ಟ್ರಿಜ್ ತುಂಬುವಾಗ

ಅರ್ಧ ತೊಂದರೆ ಇಲ್ಲೇ ಹುಟ್ಟುತ್ತದೆ, ಆದ್ದರಿಂದ ವಿವರವಾಗಿ ಹೇಳುತ್ತೇನೆ. ಫ್ರಿಜ್‌ನಿಂದ ತೆಗೆದ ಬಾಟಲಿ ಕೋಣೆಯ ತಾಪಕ್ಕೆ ಬರುವವರೆಗೆ ಮುಚ್ಚಳ ತೆಗೆಯಬೇಡಿ, ತಣ್ಣನೆಯ ಬಾಯಿಗೆ ಗಾಳಿಯ ತೇವ ಕೂರುತ್ತದೆ. ಬೆಳ್ಳಿ ತಳಕ್ಕೆ ಇಳಿದಿರುತ್ತದೆ. ಬಾಟಲಿಯನ್ನು ಅಡ್ಡ ಮಲಗಿಸಿ ನಿಧಾನವಾಗಿ ಉರುಳಿಸಿ, ಕುಲುಕಬೇಡಿ. ಸರ್ಫ್ಯಾಕ್ಟೆಂಟ್ ಇರುವ ನೀರಿನ ಇಂಕ್ ಕುಲುಕಿದರೆ ಸೀಗೆಕಾಯಿಯಂತೆ ನೊರೆಯೇಳುತ್ತದೆ, ಆ ಗುಳ್ಳೆ ಹೋಗಲು ಗಂಟೆಗಳು ಬೇಕು. ಆಮೇಲೆ ಅಲ್ಟ್ರಾಸಾನಿಕ್ ಬಾತ್‌ನಲ್ಲಿ 5–10 ನಿಮಿಷ, ಬಾತ್‌ನ ನೀರು ಬಿಸಿಯಾಗದಂತೆ.

2–3 ಮಿಲಿಲೀಟರ್ ಇಂಕನ್ನು ಸಿರಿಂಜ್‌ಗೆ ಎಳೆದು ಫಿಲ್ಟರ್ ಹಚ್ಚಿ. ನಾಝಲ್ ಬಾಯಿಯ ಐವತ್ತನೇ ಒಂದಕ್ಕಿಂತ ದೊಡ್ಡ ಕಣ ಇರಬಾರದು ಎಂಬುದು ಲೆಕ್ಕ, 21 ಮೈಕ್ರಾನ್‌ಗೆ ಅದು 0.4 ಮೈಕ್ರಾನ್. ಹಾಗಾಗಿ 0.45ರ ಫಿಲ್ಟರ್ ಕನಿಷ್ಠ, ಬೆಳ್ಳಿ ಇಂಕ್ 0.2ರಲ್ಲೂ ಇಳಿಯುವಂತಿದ್ದರೆ ಅದೇ ಉತ್ತಮ. ಫಿಲ್ಟರ್ ನೀರಿಗೆ ಒಗ್ಗುವ ಬಗೆಯದಾಗಿರಲಿ. ನೀರು ಹಿಡಿಯದ ಫಿಲ್ಟರ್‌ನಲ್ಲಿ ಇಂಕ್ ಇಳಿಯುವುದೇ ಇಲ್ಲ, ಜೋರಾಗಿ ಒತ್ತಿದರೆ ಪೊರೆ ಹರಿದು ಸೋಸದ ಇಂಕ್ ಒಳಗೆ ಹೋಗುತ್ತದೆ. ಒತ್ತಡ ಇದ್ದಕ್ಕಿದ್ದಂತೆ ಏರಿದರೆ ಫಿಲ್ಟರ್ ಕಟ್ಟಿದೆ ಎಂದರ್ಥ, ಇಂಕ್‌ನ ಕಣಗಳು ಒಟ್ಟುಗೂಡಿವೆ ಎಂದರ್ಥ. ಆ ಇಂಕ್ ತುಂಬಿದರೆ ಕಾರ್ಟ್ರಿಜ್ ಹಾಳು.

ಕಣ ಒಟ್ಟುಗೂಡಲು ಸಾಮಾನ್ಯ ಕಾರಣ ತಪ್ಪು ನೀರು. ಇಂಕನ್ನು ತೆಳು ಮಾಡಲು ನಲ್ಲಿ ನೀರನ್ನಾಗಲಿ ಬೋರ್‌ವೆಲ್ ನೀರನ್ನಾಗಲಿ ಸೇರಿಸಿದರೆ ಅದರಲ್ಲಿರುವ ಲವಣ ಬೆಳ್ಳಿ ಕಣಗಳ ಸುತ್ತಲಿನ ರಕ್ಷೆಯನ್ನು ಕಳಚುತ್ತದೆ. ಕ್ಲೋರೈಡ್ ಅಂತೂ ನೇರ ಶತ್ರು. ಬ್ಯಾಟರಿಗೆ ಹಾಕಲು ಅಂಗಡಿಯಲ್ಲಿ ಸಿಗುವ ನೀರನ್ನೂ ನಂಬಬೇಡಿ, ಲ್ಯಾಬಿನ ಡಿಅಯಾನೈಸ್ಡ್ ನೀರೇ ಆಗಬೇಕು. ಇದೇ ಕ್ಲೋರೈಡ್ ಹಾಳೆಯ ಮೇಲೆ ಸಿಕ್ಕರೆ ಮಿತ್ರ, ಅದಕ್ಕೆ ಆಮೇಲೆ ಬರುತ್ತೇನೆ.

ಸೋಸಿದ ಇಂಕನ್ನು ವ್ಯಾಕ್ಯೂಮ್ ಡೆಸಿಕೇಟರ್‌ನಲ್ಲಿ ಅರ್ಧ ಗಂಟೆ ಇಟ್ಟು ಕರಗಿದ ಗಾಳಿ ತೆಗೆಯಿರಿ. ಮೊಂಡು ಸೂಜಿಯಿಂದ 1.5 ಮಿಲಿಲೀಟರ್ ನಿಧಾನವಾಗಿ ಚೀಲಕ್ಕೆ ತುಂಬಿ, ಹೆಡ್ ಭಾಗ ಕ್ಲಿಕ್ ಎನ್ನುವವರೆಗೆ ಒತ್ತಿ, ನಾಝಲ್ ಕೆಳಮುಖವಾಗಿ ಅರ್ಧ ಗಂಟೆ ಬಿಡಿ. ಈ ಕೊನೆಯ ಅರ್ಧ ಗಂಟೆ ಕಾಯದವರೇ ಹೆಚ್ಚು. ಹೆಡ್‌ನೊಳಗೆ ಒಂದು ಗುಳ್ಳೆ ಉಳಿದರೂ ಪೀಝೋ (ವೋಲ್ಟೇಜ್ ಕೊಟ್ಟಾಗ ಬಾಗಿ ಇಂಕನ್ನು ಒತ್ತುವ ಭಾಗ) ಕೊಟ್ಟ ಒತ್ತಡವನ್ನೆಲ್ಲ ಅದು ಸ್ಪಂಜಿನ ಹಾಗೆ ನುಂಗುತ್ತದೆ. ಕ್ಯಾಮೆರಾದಲ್ಲಿ ನಾಝಲ್ ಸ್ವಚ್ಛವಾಗಿ ಕಾಣುತ್ತದೆ, ಹನಿ ಮಾತ್ರ ಬರುವುದಿಲ್ಲ.

ಡ್ರಾಪ್ ವಾಚರ್ ಮುಂದೆ

ಕಾರ್ಟ್ರಿಜ್ ಕೂರಿಸಿ, ಮೊದಲು ಅರ್ಧ ಸೆಕೆಂಡಿನ ಎರಡು ಮೂರು ಪರ್ಜ್ (ಇಂಕನ್ನು ಒತ್ತಿ ಹೊರಹಾಕುವುದು) ಕೊಟ್ಟು, ಬ್ಲಾಟ್ ಮಾಡಿ (ನಾಝಲ್ ಮುಖವನ್ನು ಪ್ಯಾಡ್‌ಗೆ ಒತ್ತಿ) ಕ್ಯಾಮೆರಾ ತೆರೆಯಿರಿ. 5 ಕಿಲೋಹರ್ಟ್ಸ್, 20 ವೋಲ್ಟ್ ಆಸುಪಾಸಿನಿಂದ ಶುರು ಮಾಡಬಹುದು. ನೋಡಬೇಕಾದದ್ದು ಹನಿಯ ವೇಗ. ಒಂದು ಮಿಲಿಮೀಟರ್ ದಾರಿಯಲ್ಲಿ ಸೆಕೆಂಡಿಗೆ 6ರಿಂದ 8 ಮೀಟರ್ ಇದ್ದರೆ ಸರಿ. ಕಡಿಮೆಯಾದರೆ ಗಾಳಿಯ ಸಣ್ಣ ಅಲೆಯೂ ಹನಿಯನ್ನು ದಾರಿ ತಪ್ಪಿಸುತ್ತದೆ, ಹೆಚ್ಚಾದರೆ ಉದ್ದ ಬಾಲ ಬೆಳೆದು ಅದು ಮರಿಹನಿಗಳಾಗಿ ಒಡೆಯುತ್ತದೆ. ಮರಿಹನಿ ಕಂಡಕೂಡಲೇ ಗಾಬರಿ ಬೇಡ. ಹಾಳೆ ಮುಟ್ಟುವ ಮೊದಲು ಅದು ಮುಖ್ಯ ಹನಿಯನ್ನು ಸೇರಿಕೊಂಡರೆ ಬಿಟ್ಟುಬಿಡಿ. ಸೇರದಿದ್ದರೆ ಒಂದೊಂದೇ ವೋಲ್ಟ್ ಇಳಿಸುತ್ತ ಬನ್ನಿ. ಎಲ್ಲ ನಾಝಲ್‌ಗೂ ಬೇರೆ ಬೇರೆ ವೋಲ್ಟೇಜ್ ಕೊಡಲು ಸಾಧ್ಯವಿರುವುದು ಈ ಯಂತ್ರದ ದೊಡ್ಡ ಅನುಕೂಲ. ಹನಿಗಳೆಲ್ಲ ಒಂದೇ ಮಟ್ಟದಲ್ಲಿ ನಿಂತಂತೆ ಕಾಣುವವರೆಗೆ ಹೊಂದಿಸಿಕೊಳ್ಳಿ.

ಹದಿನಾರೂ ನಾಝಲ್ ಹಾರಬೇಕೆಂಬ ಹಟ ಹಿಡಿಯಬೇಡಿ. ಮುದ್ರಣಕ್ಕೆ ಅಕ್ಕಪಕ್ಕದ ನಾಝಲ್‌ಗಳೇ ಬೇಕು, ನಡುವೆ ಒಂದು ಸತ್ತಿದ್ದರೆ ಆ ಗುಂಪು ಪ್ರಯೋಜನವಿಲ್ಲ. ಮೂರರಿಂದ ಐದು ಒಳ್ಳೆಯ ನಾಝಲ್ ಸಾಲಾಗಿ ಸಿಕ್ಕರೆ ಸಾಕು.

ಈಗ ನೀರಿನ ಇಂಕಿನ ನಿಜವಾದ ಪರೀಕ್ಷೆ. ಹನಿ ಹಾರುತ್ತಿರುವಾಗ ನಿಲ್ಲಿಸಿ, 30 ಸೆಕೆಂಡ್ ಸುಮ್ಮನಿದ್ದು, ಮತ್ತೆ ಶುರು ಮಾಡಿ. ಮೊದಲ ಹನಿಯೇ ನೆಟ್ಟಗೆ ಬಂತೇ? ಆಮೇಲೆ 1 ನಿಮಿಷ, 2 ನಿಮಿಷ. ಎಷ್ಟು ಹೊತ್ತಿಗೆ ಕೈಕೊಡುತ್ತದೆ ಎಂಬುದೇ ನಿಮ್ಮ ಇಂಕಿನ ಆಯುಸ್ಸು. 2 ನಿಮಿಷ ತಡೆದರೆ ಮುದ್ರಿಸಬಹುದು. 30 ಸೆಕೆಂಡಿಗೇ ಸತ್ತರೆ ಗ್ಲೈಕಾಲ್ ಶೇ. 5 ಹೆಚ್ಚಿಸಿ. ಕಾರ್ಟ್ರಿಜ್‌ನ ಹೀಟರ್ ಬಳಸಿ ಇಂಕ್ ತೆಳು ಮಾಡುವ ಉಪಾಯ ಎಣ್ಣೆಯಂಥ ಇಂಕಿಗೆ ಸರಿ, ನೀರಿಗೆ ಅದು ನಾಝಲ್ ಒಣಗಿಸುವ ಒಲೆ. 28–30 ಡಿಗ್ರಿ ದಾಟಿಸಬೇಡಿ. ಮುದ್ರಣದ ನಡುನಡುವೆ ಸ್ಪಿಟ್ ಆಗುವಂತೆ (ಕೆಲವು ಹನಿ ಉಗುಳುವಂತೆ) ಕ್ಲೀನಿಂಗ್ ಸೈಕಲ್ ಬರೆದಿಡಿ, ಖಾಲಿ ಇರುವಾಗ ನಾಝಲ್ ಬಾಯಲ್ಲಿನ ಇಂಕಿನ ಮೇಲ್ಮೈಯನ್ನು ಅಲ್ಲಾಡಿಸುತ್ತಿರುವ ಟಿಕಲ್ ಸಿಗ್ನಲ್ ಆನ್ ಇರಲಿ.

ಕೋಣೆಯ ತೇವ ಯಂತ್ರದ ಕೈಯಲ್ಲಿಲ್ಲ, ಮುಚ್ಚಳದೊಳಗೆ ತೇವ ಕಾಯುವ ವ್ಯವಸ್ಥೆ ಇದರಲ್ಲಿಲ್ಲ. ಇದನ್ನು ನಾನು ನಿಜವಾದ ಕೊರತೆ ಎಂದೇ ಎಣಿಸುತ್ತೇನೆ. ಮಂಗಳೂರಿನ ಜುಲೈಯಲ್ಲಿ ನಡೆಯುವ ಪಾಕ ಬಳ್ಳಾರಿಯ ಏಪ್ರಿಲ್‌ನಲ್ಲಿ ನಡೆಯುವುದಿಲ್ಲ. ಒಂದು ಕಡೆ ಗೆರೆ ಆರದೆ ಹರಡುತ್ತದೆ, ಇನ್ನೊಂದು ಕಡೆ ನಾಝಲ್ ಆರಿ ಕೂರುತ್ತದೆ. ನೂರಿನ್ನೂರು ರೂಪಾಯಿಯ ತೇವಮಾಪಕ ಪಕ್ಕದಲ್ಲಿಟ್ಟು ಪ್ರತಿ ಮುದ್ರಣದ ಜೊತೆ ಆ ಸಂಖ್ಯೆ ಬರೆದಿಡಿ. ಶೇ. 45ರಿಂದ 60ರೊಳಗೆ ಇರುವಂತೆ ನೋಡಿಕೊಂಡರೆ ನೆಮ್ಮದಿ. ಎಸಿಯ ಗಾಳಿ ನೇರವಾಗಿ ಯಂತ್ರಕ್ಕೆ ಬೀಸದಿರಲಿ.

ಹಾಳೆಯ ಮೇಲೆ

10 ಪಿಕೊಲೀಟರ್ ಹನಿ ಗಾಳಿಯಲ್ಲಿ 27 ಮೈಕ್ರಾನ್ ಗುಂಡು. ಪಿಇಟಿ (ನೀರಿನ ಬಾಟಲಿಯ ಪ್ಲಾಸ್ಟಿಕ್) ಹಾಳೆಯ ಮೇಲೆ ಬಿದ್ದಾಗ 50 ಮೈಕ್ರಾನ್ ಆಸುಪಾಸಿನ ಚುಕ್ಕಿಯಾಗುತ್ತದೆ. ಮೊದಲು ಬಿಡಿಬಿಡಿ ಚುಕ್ಕಿ ಮುದ್ರಿಸಿ ಅಳೆಯಿರಿ. ಚುಕ್ಕಿಯ ಅರ್ಧದಷ್ಟು ಅಂತರ ಇಟ್ಟರೆ ಗೆರೆ ಸಾಮಾನ್ಯವಾಗಿ ನೇರ ಬರುತ್ತದೆ. ಅಂತರ ಹೆಚ್ಚಾದರೆ ಗೆರೆಯ ಅಂಚು ಹಲ್ಲುಹಲ್ಲಾಗುತ್ತದೆ, ಕಡಿಮೆಯಾದರೆ ಅಲ್ಲಲ್ಲಿ ಹೊಟ್ಟೆ ಉಬ್ಬುತ್ತದೆ. ಪ್ಲೇಟನ್ ತೀರಾ ಬಿಸಿಯಾದರೆ ಇನ್ನೊಂದು ರೋಗ: ಕಾದು ಕೆಂಪಾದ ಕಾವಲಿಗೆ ಹುಯ್ದ ಹಿಟ್ಟು ಹರಡುವ ಮೊದಲೇ ಬೆಂದಂತೆ, ಪ್ರತಿ ಹನಿಯೂ ಮುಂದಿನದು ಬರುವಷ್ಟರಲ್ಲಿ ಒಣಗಿ, ಗೆರೆ ನಾಣ್ಯ ಜೋಡಿಸಿಟ್ಟಂತೆ ಕಾಣುತ್ತದೆ. 35–40 ಡಿಗ್ರಿಯಿಂದ ಶುರು ಮಾಡಿ, 60ರವರೆಗೆ ಇದೆಯೆಂದು 60 ಇಡಬೇಡಿ.

ಬಿಸಿ ಹೆಚ್ಚಿಸಿದರೆ ಕಾಫಿ ಕಲೆಯ ತೊಂದರೆಯೂ ಹೆಚ್ಚು. ಚೆಲ್ಲಿದ ಕಾಫಿ ಹನಿ ಒಣಗಿದಾಗ ಅಂಚು ಕಪ್ಪಾಗಿ ನಡುವೆ ತಿಳಿಯಾಗುತ್ತದಲ್ಲ, ಬೆಳ್ಳಿಯೂ ಹಾಗೆಯೇ ಅಂಚಿಗೆ ಸೇರುತ್ತದೆ. ಅಂಚಿನಲ್ಲಿ ನೀರು ಬೇಗ ಆರುತ್ತದೆ, ಆರಿದ್ದನ್ನು ತುಂಬಲು ಒಳಗಿನ ದ್ರವ ಅಂಚಿಗೆ ಹರಿಯುತ್ತದೆ, ಕಣಗಳನ್ನೂ ಒಯ್ಯುತ್ತದೆ. ಚಿಕಾಗೋ ವಿಶ್ವವಿದ್ಯಾಲಯದವರು 1997ರಲ್ಲಿ ಕೊಟ್ಟ ವಿವರಣೆ ಇದು. ಗ್ಲೈಕಾಲ್ ಇಲ್ಲೂ ನೆರವಿಗೆ ಬರುತ್ತದೆ. ಅಂಚಿನಲ್ಲಿ ನೀರು ಹೋಗಿ ಗ್ಲೈಕಾಲ್ ಉಳಿದಾಗ ಅಲ್ಲಿನ ಮೇಲ್ಮೈ ಎಳೆತ ತಗ್ಗುತ್ತದೆ, ಎಳೆತ ಹೆಚ್ಚಿರುವ ನಡುಭಾಗ ಮೇಲ್ಪದರದ ದ್ರವವನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಕಣಗಳು ವಾಪಸು ಬರುತ್ತವೆ.

ಅಂತರ ಬದಲಿಸುವ ಕ್ರಮ ಕೈಕೆಲಸದ್ದು. ಕಾರ್ಟ್ರಿಜ್ ಹಿಡಿಕೆಯ ಕೋನವನ್ನು ಕೈಯಿಂದ ತಿರುಗಿಸಿ ಹೊಂದಿಸಬೇಕು. 20 ಮೈಕ್ರಾನ್‌ಗೆ 4.5 ಡಿಗ್ರಿ, 25ಕ್ಕೆ 5.6. ಸಾಫ್ಟ್‌ವೇರ್‌ನಲ್ಲಿ ಒಂದು, ಹಿಡಿಕೆಯಲ್ಲಿ ಇನ್ನೊಂದು ಇದ್ದರೆ ಯಂತ್ರ ತಕರಾರು ಮಾಡುವುದಿಲ್ಲ, ಪಟ್ಟೆಪಟ್ಟೆಯಾಗಿ ಮುದ್ರಿಸಿ ಕೊಡುತ್ತದೆ. ಚಿತ್ರದ ರೆಸಲ್ಯೂಶನ್ ಕೂಡ ಇದಕ್ಕೇ ಹೊಂದಬೇಕು: 25,400 ಅನ್ನು ಅಂತರದಿಂದ ಭಾಗಿಸಿ. 20 ಮೈಕ್ರಾನ್‌ಗೆ 1,270 ಡಿಪಿಐ, 25ಕ್ಕೆ 1,016. ಕಪ್ಪು-ಬಿಳುಪು ಬಿಟ್‌ಮ್ಯಾಪ್ ಅಷ್ಟೇ, ಬೂದು ಬಣ್ಣದ ಅಂಚು ಇರಬಾರದು. ಮುಖ್ಯ ಗೆರೆಗಳನ್ನು ಹೆಡ್ ಓಡುವ ದಿಕ್ಕಿಗೆ ಸಮಾನಾಂತರವಾಗಿ ಇಡಿ. ಅಡ್ಡ ಗೆರೆಗಳಲ್ಲಿ ಒಂದು ಸಾಲು ಆರಿದ ಮೇಲೆ ಇನ್ನೊಂದು ಬೀಳುವುದರಿಂದ ಅಂಚು ಒರಟಾಗುತ್ತದೆ. ಹಾಳೆಯ ದಪ್ಪ ತಪ್ಪಾಗಿ ಕೊಟ್ಟರೆ ನಾಝಲ್ ಹಾಳೆಗೆ ಉಜ್ಜುತ್ತದೆ. ಮೈಕ್ರೋಮೀಟರ್‌ನಿಂದ ಅಳೆದು ಬರೆಯಿರಿ.

ಎಷ್ಟು ದಪ್ಪ ಬರುತ್ತದೆ? 20 ಮೈಕ್ರಾನ್ ಅಂತರದಲ್ಲಿ 10 ಪಿಕೊಲೀಟರ್ ಎಂದರೆ ಹಸಿ ಪದರ 25 ಮೈಕ್ರಾನ್, ಚದರ ಮೀಟರಿಗೆ 25 ಮಿಲಿಲೀಟರ್. ಶೇ. 25 ತೂಕದ ಬೆಳ್ಳಿ ಗಾತ್ರದಲ್ಲಿ ಶೇ. 3 ಮಾತ್ರ, ಬೆಳ್ಳಿ ಅಷ್ಟು ಭಾರ. ಆದ್ದರಿಂದ ಆರಿದ ಪದರ ಮುಕ್ಕಾಲು ಮೈಕ್ರಾನ್. ಬೆಳ್ಳಿ ಕಣಗಳು ಬೆಸೆದುಕೊಳ್ಳಲೆಂದು ಒವನ್‌ನಲ್ಲಿ ಸುಟ್ಟ ಮೇಲೆ ಅದರ ರೋಧತೆ ಗಟ್ಟಿ ಬೆಳ್ಳಿಯ ಐದು ಪಟ್ಟು ಎಂದಿಟ್ಟುಕೊಂಡರೆ ಪದರದ ರೋಧ ಚೌಕಕ್ಕೆ 0.1 ಓಮ್. 200 ಮೈಕ್ರಾನ್ ಅಗಲ, 20 ಮಿಲಿಮೀಟರ್ ಉದ್ದದ ಗೆರೆಯಲ್ಲಿ ನೂರು ಚೌಕ (ಉದ್ದವನ್ನು ಅಗಲದಿಂದ ಭಾಗಿಸಿದ್ದು), ಅಂದರೆ 10 ಓಮ್. ಸೆನ್ಸರ್‌ಗೆ ಧಾರಾಳ, ಮೋಟಾರ್ ಓಡಿಸಲು ಆಗದು. ತುಂಬು ಕಾರ್ಟ್ರಿಜ್‌ನ ಒಂದೂವರೆ ಮಿಲಿಲೀಟರ್ ಒಂದು ಹನಿಯೂ ಪೋಲಾಗದಿದ್ದರೆ 600 ಚದರ ಸೆಂಟಿಮೀಟರ್, ಸುಮಾರು ಒಂದು ಎ4 ಹಾಳೆ.

ನೀರಿನ ಇಂಕ್ ಬರಿಯ ಪಿಇಟಿ ಮೇಲೆ ಕೆಸುವಿನ ಎಲೆಯ ನೀರಿನಂತೆ ಗುಂಡಾಗಿ ನಿಲ್ಲುವ ಸಂಭವ ಹೆಚ್ಚು. ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಕೆಲವು ನಿಮಿಷ ಯುವಿ-ಓಝೋನ್ ಅಥವಾ ಪ್ಲಾಸ್ಮಾ ಕೊಡಿ, ಅಂದೇ ಮುದ್ರಿಸಿ. ದಿನ ಕಳೆದಂತೆ ಮೇಲ್ಮೈ ಹಳೆಯ ಸ್ವಭಾವಕ್ಕೆ ಮರಳುತ್ತದೆ. ಜಾಸ್ತಿ ಕೊಟ್ಟರೆ ಚುಕ್ಕಿ 50ರ ಬದಲು 90 ಮೈಕ್ರಾನ್ ಹರಡಬಹುದು, ಆಗ ಸಣ್ಣ ಸಂದುಗಳು ಮುಚ್ಚಿ ಶಾರ್ಟ್ ಆಗುತ್ತದೆ.

ಸುಡುವುದು ಒವನ್‌ನಲ್ಲಿ, 120–150 ಡಿಗ್ರಿಯಲ್ಲಿ ಅರ್ಧ ಗಂಟೆ. ಸಾಮಾನ್ಯ ಪಿಇಟಿ ಈ ಬಿಸಿಗೆ ಕುಗ್ಗುತ್ತದೆ. 100 ಮಿಲಿಮೀಟರ್ ಹಾಳೆ ಶೇ. 0.5 ಕುಗ್ಗಿದರೂ ಅರ್ಧ ಮಿಲಿಮೀಟರ್ ಆಯಿತು, ಅಂದರೆ 25 ಹನಿಗಳ ಅಂತರ. ಎರಡನೇ ಪದರಕ್ಕೆ ಯಂತ್ರದ ಕ್ಯಾಮೆರಾದಲ್ಲಿ ಗುರುತು ಹೊಂದಿಸಲು ಹೋದಾಗ ಒಂದು ಮೂಲೆ ಕೂತರೆ ಇನ್ನೊಂದು ಮೂಲೆ ಕೂರದು. ಮುದ್ರಿಸುವ ಮೊದಲೇ ಬರಿ ಹಾಳೆಯನ್ನು ಅದೇ ಬಿಸಿಯಲ್ಲಿ ಅಷ್ಟೇ ಹೊತ್ತು ಇಟ್ಟು ಕುಗ್ಗಿಸಿಕೊಂಡುಬಿಡಿ.

ಬಿಸಿಯೇ ಬೇಡದ ದಾರಿಯೂ ಇದೆ, ಕ್ಲೋರೈಡ್ ಮಿತ್ರನಾಗುವುದು ಇಲ್ಲಿ. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದವರು 2010ರಲ್ಲಿ ಕೋಣೆಯ ತಾಪದಲ್ಲೇ ಬೆಳ್ಳಿ ಕಣಗಳು ಬೆಸೆದುಕೊಳ್ಳುವಂತೆ ಮಾಡಿ ತೋರಿಸಿದರು. ಕ್ಲೋರೈಡ್‌ನಿಂದ ಕಣಗಳ ರಕ್ಷೆ ಕಳಚಿ ಅವನ್ನು ಬೆಸೆಯುವ ಲೇಪ ಇರುವ ಹಾಳೆಯ ಮೇಲೆ ಇಂಕ್ ಬಿದ್ದರೆ ಕೆಲವೇ ಕ್ಷಣಗಳಲ್ಲಿ ಕರೆಂಟು ಹರಿಯುತ್ತದೆ. ಮಿತ್ಸುಬಿಷಿ ಪೇಪರ್ ಮಿಲ್ಸ್‌ನ ಬೆಳ್ಳಿ ಇಂಕ್ ಮತ್ತು ಅದರ ಜೋಡಿ ಹಾಳೆ ಇಂಥದ್ದು.

ಕೊಳ್ಳಬೇಕೇ?

ಹೊಸ ಇಂಕ್ ತಯಾರಿಸುವವರಿಗೆ, ಟ್ರಾನ್ಸಿಸ್ಟರ್, ಬಯೋಸೆನ್ಸರ್‌ನಂಥ ಬಹುಪದರದ ಕೆಲಸ ಮಾಡುವವರಿಗೆ ಇದಕ್ಕೆ ಬದಲಿಲ್ಲವೆಂದೇ ಹೇಳುತ್ತೇನೆ. ಒಂದೂವರೆ ಮಿಲಿಲೀಟರ್‌ನಲ್ಲಿ ಪ್ರಯೋಗ ಮುಗಿಯುವುದು, ಹನಿ ಕಣ್ಣಿಗೆ ಕಾಣುವುದು, ಎರಡೂ ಅಮೂಲ್ಯ. ವೇಗ ಮಾತ್ರ ಕೇಳಬೇಡಿ. 50 ಮಿಲಿಮೀಟರ್ ಚೌಕವನ್ನು 20 ಮೈಕ್ರಾನ್ ಅಂತರದಲ್ಲಿ ತುಂಬಲು 2,500 ಸಾಲು ಬೇಕು. ಒಂದೇ ನಾಝಲ್ ಬದುಕಿದ್ದರೆ ಗಂಟೆ ಹಿಡಿಯುತ್ತದೆ. ಕಾರ್ಟ್ರಿಜ್ ಒಂದೇ ಸಲದ್ದು ಎಂಬ ಲೆಕ್ಕದಲ್ಲೇ ಬಜೆಟ್ ಹಾಕಿ. ಸಂಜೆ ಇಂಕ್ ತೆಗೆದು, ಅದೇ ನೀರು-ಗ್ಲೈಕಾಲ್ ಮಿಶ್ರಣದಿಂದ ತೊಳೆದು, ನಾಝಲ್ ಮುಖವನ್ನು ತೇವದ ಪ್ಯಾಡ್ ಮೇಲಿಟ್ಟರೆ ಇನ್ನೆರಡು ದಿನ ಬರಬಹುದು. ನೇರವಾಗಿ ಆಲ್ಕೊಹಾಲ್ ಹಾಯಿಸಿದರೆ ಒಳಗಿರುವ ಇಂಕ್ ಅಲ್ಲೇ ಗಟ್ಟಿಯಾಗುವ ಅಪಾಯವಿದೆ.

ಆಂಟೆನಾ, ಟಚ್ ಪಟ್ಟಿ, ತೇವದ ಸೆನ್ಸರ್‌ನಂಥ ಒಂದೇ ಪದರದ ಕೆಲಸಕ್ಕೆ, ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ, ಈ ಯಂತ್ರ ಬೇಡ. 2013ರ ಯುಬಿಕಾಂಪ್ ಸಮ್ಮೇಳನದಲ್ಲಿ ಒಂದು ತಂಡ ಮನೆಬಳಕೆಯ ಬ್ರದರ್ ಪ್ರಿಂಟರ್‌ನಲ್ಲಿ ಮಿತ್ಸುಬಿಷಿ ಇಂಕ್ ತುಂಬಿ ಚೌಕಕ್ಕೆ 0.2 ಓಮ್ ಆಸುಪಾಸಿನ ಸರ್ಕ್ಯೂಟ್ ಮುದ್ರಿಸಿ ತೋರಿಸಿತು. ನಮ್ಮಲ್ಲಿ ಜೆರಾಕ್ಸ್ ಅಂಗಡಿಗಳಲ್ಲೂ ಕಾಣುವ ಎಪ್ಸನ್ ಎಲ್130ನಲ್ಲೂ ಪೀಝೋ ಹೆಡ್ಡೇ ಇದೆ, ಕಪ್ಪಿಗೆ 180 ನಾಝಲ್, ಬಣ್ಣಕ್ಕೆ ತಲಾ 59, ಕನಿಷ್ಠ ಹನಿ 3 ಪಿಕೊಲೀಟರ್. ಇಂಕನ್ನು ಕುದಿಸಿ ಹಾರಿಸುವ ಥರ್ಮಲ್ ಹೆಡ್‌ನ ಪ್ರಿಂಟರ್ ಆರಿಸಬೇಡಿ, ಹೀಟರ್ ಮೇಲೆ ಬೆಳ್ಳಿ ಗಟ್ಟಿ ಹತ್ತಿಕೊಳ್ಳುತ್ತದೆ. ಹಾಳೆ ಮಾತ್ರ ನೀರು ಹೀರುವ ಲೇಪದ್ದೇ ಆಗಬೇಕು, ಇಲ್ಲವಾದರೆ ಹೊರಬರುವಾಗ ರೋಲರ್ ಹಸಿ ಗೆರೆಯನ್ನು ಒರೆಸುತ್ತದೆ. ಬಿಡಿಭಾಗ ಜೋಡಿಸಲು ಬೆಸುಗೆ ಕಡ್ಡಿ ಹಿಡಿಯಬೇಡಿ: ಹಾಳೆ ಕರಗುತ್ತದೆ, ತೆಳು ಬೆಳ್ಳಿ ತವರದೊಳಗೆ ಕರಗಿ ಮಾಯವಾಗುತ್ತದೆ. ವಾಹಕ ಟೇಪ್ ಅಥವಾ ಬೆಳ್ಳಿ ಎಪಾಕ್ಸಿ ಸಾಕು, ಎಪಾಕ್ಸಿ ಹಚ್ಚಿದ ಮೇಲೆ ಒಂದು ರಾತ್ರಿ ಅಲ್ಲಾಡಿಸದೆ ಬಿಡಿ.